ಕಟ್ಟಿಕೊಡುವುದಿಲ್ಲ

ರಬ್ಬರ್ ಬ್ಯಾಂಡ್ ಬಿಗಿದ, ಸಾರು ಹಾಕಿದ ಶಾವಿಗೆಯ ಪ್ಲಾಸ್ಟಿಕ್ ಚೀಲವನ್ನು ಲಮ್ಯೈ ಶವಪೆಟ್ಟಿಗೆಯ ಮುಂದಿನ ತಟ್ಟೆಯಲ್ಲಿ ಇಟ್ಟಾಗ, ಸೊಪ್ಪು ಬಿಡಿಸುತ್ತಿದ್ದ ಹೆಂಗಸರ ಕೈ ನಿಂತಿತು.

“ಅಯ್ಯೋ, ಬುವಾಫಾನ್ ಅಜ್ಜಿಗೇ ಪಾರ್ಸೆಲ್ಲಾ?” ಎಂದಳು ಪಕ್ಕದ ಮನೆಯ ಜಂಪಾ. “ಪೆಟ್ಟಿಗೆಯಿಂದ ಎದ್ದು ಬಂದು ಬೈತಾಳೆ ನೋಡು.”

“ಏಳ್ಲಿ. ಬೈಯೋಕಾದ್ರೂ ಏಳ್ಲಿ.”

ಟ್ರ್ಯಾಕ್ಟರ್ ಓಡಿಸುವ ಪ್ರಸೀತ್ ನಕ್ಕ. “ದೊಡ್ಡ ಸಾಹೇಬ್ರು ಕಾರು ನಿಲ್ಸಿ ಕೇಳಿದ್ರೂ ಕಟ್ಟಿಕೊಡ್ಲಿಲ್ಲ. ಇಳಿದು ಬಂದು ಇಲ್ಲೇ ಕೂತು ಉಣ್ಣಿ ಅಂದ್ಲು.”

“ಅವಳ ಅಂಗಡಿ, ಅವಳಿಷ್ಟ,” ಎಂದಳು ಜಂಪಾ.

“ಹಸಿದೋರ ಹೊಟ್ಟೆ?” ಎಂದಳು ಲಮ್ಯೈ. ಹೆಂಗಸರು ಮತ್ತೆ ಸೊಪ್ಪಿಗೆ ಕೈ ಹಾಕಿದರು.

ಅಜ್ಜಿಗೆ ಈ ಶಾವಿಗೆ ಅಂಗಡಿಯೇ ಮನೆ. ಮೇಜುಗಳನ್ನು ಗೋಡೆಗೆ ಒತ್ತಿ ಪೆಟ್ಟಿಗೆಗೆ ಜಾಗ ಮಾಡಿದ್ದರು. ಮಧ್ಯಾಹ್ನ ಬೌದ್ಧ ವಿಹಾರಕ್ಕೆ ಒಯ್ದು ಸುಡಬೇಕು. ಅದಕ್ಕೂ ಮೊದಲು ಮನೆಯವರೊಬ್ಬರು ಪೆಟ್ಟಿಗೆ ತಟ್ಟಿ ಕೊನೆಯ ಊಟಕ್ಕೆ ಕರೆಯಬೇಕು. ಅಜ್ಜಿಗೆ ಮನೆಯವರೆಂಬವರು ಇರಲಿಲ್ಲ. ನಿನ್ನೆಯ ಊಟಕ್ಕೆ ಜಂಪಾ ಕರೆದಿದ್ದಳು. ಇವತ್ತು ತಾನು ಕರೆಯುತ್ತೇನೆಂದು ಹೇಳಿಕಳಿಸಿದವಳು, ಗಂಡ ಸತ್ತಂದಿನಿಂದ ಈ ಹೊಸ್ತಿಲು ತುಳಿಯದ ಲಮ್ಯೈ.

*

ಗಂಡ ತೋಂಗ್‌ಕಾಮ್ ಹಾಸಿಗೆ ಹಿಡಿದು, ಏನು ಕೊಟ್ಟರೂ ಮುಖ ತಿರುಗಿಸುತ್ತಿದ್ದ ದಿನಗಳವು. ಒಂದು ಬೆಳಿಗ್ಗೆ ಬುವಾಫಾನ್ ಅಜ್ಜಿಯ ಶಾವಿಗೆ ಬೇಕೆಂದ. ಲಮ್ಯೈ ಡಬ್ಬಿ ಹಿಡಿದು ಓಡಿಬಂದಳು.

“ಇದೊಂದು ಸಲ, ಅಜ್ಜಿ.”

“ಕಟ್ಟಿಕೊಡಲ್ಲ ಮಗಳೇ.” ಮುದುಕಿ ಸಾರಿನ ಹಂಡೆಯಿಂದ ಕಣ್ಣೆತ್ತಲಿಲ್ಲ. “ನಿಂಗೆ ಕೊಟ್ರೆ ನಾಳೆ ಊರೆಲ್ಲ ಡಬ್ಬಿ ತರುತ್ತೆ. ಆಮೇಲೆ ನನ್ನೆದುರು ಕೂತು ಉಣ್ಣೋರು ಯಾರು? ಅವನನ್ನೇ ಕರ್ಕೊಂಡು ಬಾ. ಕೈಗಾಡಿ ನಾನೇ ತಳ್ತೀನಿ.”

“ಅವ್ರಿಗೆ ಬೆನ್ನೇ ನಿಲ್ಲಲ್ಲ. ನಿನ್ನ ಈ ಸ್ಟೂಲ್ ಮೇಲೆ ಹೇಗೆ ಕೂರಿಸ್ಲಿ?”

ಮುದುಕಿ ಸ್ಟೂಲುಗಳ ಕಡೆ ನೋಡಿದಳು. ಲಮ್ಯೈ ಖಾಲಿ ಡಬ್ಬಿಯೊಂದಿಗೆ ಮರಳಿದಳು. ಮರುದಿನ ನಸುಕಿನಲ್ಲಿ ತೋಂಗ್‌ಕಾಮ್ ಹೋದ.

*

ಊದುಬತ್ತಿ ಹಚ್ಚಿ ಲಮ್ಯೈ ಮೂಲೆಯಲ್ಲಿದ್ದ ಬೆತ್ತದ ಕುರ್ಚಿಯನ್ನು ಎಳೆದುಕೊಂಡಳು. ಇಷ್ಟು ಜನ ನಿಂತಿದ್ದರೂ ಅದೊಂದು ಖಾಲಿ ಇತ್ತು.

“ಅದ್ರಲ್ಲಿ ಬೇಡಕ್ಕ,” ಪ್ರಸೀತ್ ಕೈ ಅಡ್ಡ ಹಿಡಿದ. “ಅಜ್ಜಿ ಯಾರನ್ನೂ ಕೂರಿಸ್ತಿರಲಿಲ್ಲ.”

“ಇದೂ ಒಂದು ಕಟ್ಟಳೆಯಾ?”

“ನೀವು ಡಬ್ಬಿ ಹಿಡಿದು ಬಂದಿದ್ರಲ್ಲ, ಅವತ್ತು ಒರಗಿ ಕೂರೋ ಅಂಥದ್ದು ಬೇಕು, ಈಗ್ಲೇ ತಾ ಅಂತ ಸಂತೆಗೆ ಓಡಿಸಿದ್ಲು ನನ್ನ. ಮಾರನೇ ಬೆಳಿಗ್ಗೆ ತರೋ ಹೊತ್ಗೆ ನಿಮ್ಮನೆ ಮುಂದೆ ಜನ ಸೇರಿದ್ರು.”

ಲಮ್ಯೈ ಕುರ್ಚಿಯ ಬೆನ್ನನ್ನು ಮುಟ್ಟಿದಳು. ಹಳೇ ಪಂಚೆ ಮಡಿಸಿ ಹೊಲಿದ ಮೆತ್ತೆ. ಒಮ್ಮೆಯೂ ತಗ್ಗಿರಲಿಲ್ಲ.

“ನಂಗ್ಯಾಕೆ ಯಾರೂ ಹೇಳ್ಲಿಲ್ಲ?”

“ಈ ಕಡೆ ನೀನೆಲ್ಲಿ ಬಂದೆ?” ಎಂದಳು ಜಂಪಾ.

ಲಮ್ಯೈ ಕಪಾಟಿನಿಂದ ಅಜ್ಜಿಯ ಬಟ್ಟಲು ತಂದು ಚೀಲದ ಬಾಯಿ ಬಿಚ್ಚಿದಳು. ಶಾವಿಗೆ ಸಾರನ್ನೆಲ್ಲ ಕುಡಿದು ಮುದ್ದೆಯಾಗಿತ್ತು. ಅದನ್ನೇ ಬಟ್ಟಲಿಗೆ ಸುರಿದು, ಕುರ್ಚಿಯನ್ನು ಪೆಟ್ಟಿಗೆಯ ಎದುರಿಗೆ ಎಳೆದು ಕೂತಳು. ಈ ಸಲ ಪ್ರಸೀತ್ ತಡೆಯಲಿಲ್ಲ. ಅವಳು ಮರದ ಮೇಲೆ ಬೆರಳಿನ ಗೆಣ್ಣಿನಿಂದ ತಟ್ಟಿದಳು.

“ಏಳು ಅಜ್ಜಿ. ಎದುರಿಗೇ ಕೂತಿದೀನಿ. ಉಣ್ಣು.”

ಹೊರಗೆ ಹೆಣದ ಗಾಡಿ ಬಂದು ನಿಂತಿತು. ಅವಳನ್ನು ಯಾರೂ ಏಳಿಸಲಿಲ್ಲ. ಊದುಬತ್ತಿಯ ಬೂದಿ ಬಾಗಿ ಬಟ್ಟಲಿನ ಪಕ್ಕಕ್ಕೆ ಉದುರಿತು. ಲಮ್ಯೈ ಕುರ್ಚಿಗೆ ಮೆಲ್ಲಗೆ ಒರಗಿದಳು. ರಬ್ಬರ್ ಬ್ಯಾಂಡ್ ಅವಳ ಮಣಿಕಟ್ಟಿನಲ್ಲಿ ಬಿಗಿಯಾಗಿ ಕೂತಿತ್ತು.