ಎರಡನೇ ಪಿನ್, ಮೂರನೇ ಪಿನ್

ರದ್ದಿ ಕಾಗದದ ಕಾರ್ಖಾನೆಗೆ ಬರುವ ಲಾರಿಗಳೆಲ್ಲ ಮೊದಲು ಗೇಟಿನ ಪಕ್ಕದ ವೇಬ್ರಿಡ್ಜ್ ಮೇಲೆ ನಿಂತು ತೂಕ ಮಾಡಿಸಿಕೊಂಡೇ ಒಳಗೆ ಹೋಗಬೇಕು. ಸರಕು ಇಳಿಸಿ ಹೊರಡುವಾಗ ಖಾಲಿ ಲಾರಿಯ ತೂಕ ಇನ್ನೊಮ್ಮೆ. ವೇಬ್ರಿಡ್ಜ್‌ಗೆ ಅಂಟಿಕೊಂಡ ಪುಟ್ಟ ಕೋಣೆಯಲ್ಲಿ ಕೂತು ಆ ತೂಕ ನೋಡುವವಳಿಗೆ ಡ್ರೈವರುಗಳು ಇಟ್ಟ ಹೆಸರು ತೂಕದಕ್ಕ. ಅವಳೋ, ಜೋರು ಗಾಳಿ ಬಂದರೆ ಹಾರಿಹೋಗುವ ಹಾಗಿದ್ದಳು. ತಮಾಷೆ ಇದ್ದದ್ದೇ ಅಲ್ಲಿ. ವಯಸ್ಸು ನಲವತ್ತು ದಾಟಿತ್ತು. ಮದುವೆಯ ಮಾತು ಬಂದಾಗಲೆಲ್ಲ ಅಮ್ಮನ ಕಾಯಿಲೆ ಅಡ್ಡ ಬಂತು. ಅಮ್ಮ ಹೋದ ಮೇಲೆ ಆ ಮಾತೇ ಬರಲಿಲ್ಲ.

ಇದ್ದದ್ದು ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ. ಹಾಗಂತ ಅಕ್ಕ ಕೆಟ್ಟವಳೇನಲ್ಲ. ತಂಗಿ ಬಂದದ್ದು ಕಂಡರೆ ಒಳಗಿನಿಂದಲೇ "ಊಟ ಮಾಡಿ ಪಾತ್ರೆ ಮುಚ್ಚಿಡೇ" ಎನ್ನುತ್ತಿದ್ದಳು. ಭಾವ ಟಿವಿಯಿಂದ ಕಣ್ಣು ಕೀಳದೆ "ಬಂದ್ಯಾ" ಎನ್ನುತ್ತಿದ್ದರು. ಅಕ್ಕನ ಮಗಳು ಕಿವಿಗೆ ಅದೇನೋ ಸಿಕ್ಕಿಸಿಕೊಂಡು ಚಿಕ್ಕಮ್ಮನನ್ನು ನೋಡಿ ಹುಬ್ಬು ಎತ್ತಿ ಇಳಿಸುತ್ತಿದ್ದಳು. ಮನೆ ತುಂಬ ಜನ, ಬಾಯಿ ತುಂಬ ಮಾತು. ಅದರಲ್ಲಿ ಅವಳ ಪಾಲಿಗೆ ಬರುತ್ತಿದ್ದದ್ದು ಇಷ್ಟೇ.

ಮನಸ್ಸು ಬಿಚ್ಚಿ ಮಾತಾಡುವುದೇನಿದ್ದರೂ ಸಂಜೆ, ಚೀಟಿ ಮಾಸ್ತರು ಬಂದಾಗ.

ಚೀಟಿ ಮಾಸ್ತರೆಂದರೆ ಅಂಗಳದ ಆ ತುದಿಯಲ್ಲಿದ್ದ ಆಫೀಸಿನ ಗುಮಾಸ್ತರು. ತೂಕದ ಚೀಟಿಗಳನ್ನು ಒಯ್ಯುವುದು ಅವರ ಕೆಲಸವಾದ್ದರಿಂದ ಆ ಹೆಸರು. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು, ಅಡುಗೆ ತಾವೇ ಮಾಡಿಕೊಳ್ಳುತ್ತಿದ್ದರು. "ಇವತ್ತೂ ತಳ ಹಿಡೀತು ಕಣ್ರೀ" ಎಂದು ತಮ್ಮ ಅಡುಗೆಯ ಸುದ್ದಿಯನ್ನು ಹವಾಮಾನ ವರದಿಯ ಹಾಗೆ ಒಪ್ಪಿಸುತ್ತಿದ್ದರು. ಆಫೀಸಿನ ಕಂಪ್ಯೂಟರ್ ಆರಿಸಿ, ಬೀಗ ಹಾಕಿ, ಮನೆಗೆ ಹೋಗುವ ದಾರಿಯಲ್ಲಿ ಅವಳ ಕೋಣೆಗೆ ಬಂದು ಎದುರಿನ ಸ್ಟೂಲಿನ ಮೇಲೆ ಕೂರುತ್ತಿದ್ದರು. ಅವಳು ಒಂದೊಂದೇ ಚೀಟಿ ಓದಬೇಕು, ಅವರು ಪೆನ್ಸಿಲಿನಲ್ಲಿ ಗುರುತು ಹಾಕಬೇಕು. ತುಂಬಿದ್ದು ಇಷ್ಟು, ಖಾಲಿ ಇಷ್ಟು, ಉಳಿದದ್ದು ಇಷ್ಟು. ಕೇಳಿದರೆ ನಿದ್ದೆ ಬರುವಂಥ ಈ ಲೆಕ್ಕಕ್ಕೆ ಮಾಸ್ತರು ಒಗ್ಗರಣೆ ಹಾಕುತ್ತಿದ್ದರು.

"ಇವನ ಖಾಲಿ ಲಾರಿ ಯಾಕ್ರೀ ಇಷ್ಟು ಭಾರ?"

"ಡ್ರೈವರ್ ಊಟ ಮಾಡ್ಕೊಂಡು ಬಂದಿದ್ದ, ಅದಕ್ಕೆ."

"ಇಷ್ಟು ಉಂಡಿದಾನೆ ಅಂದ್ರೆ ನಮ್ಮನೇಲಂತೂ ಅಲ್ಲ ಬಿಡಿ."

ಚೀಟಿ ಮುಗಿದ ಮೇಲೆ ಅವರ ಜೇಬಿನಿಂದ ಒಂದು ಹರಕು ಪತ್ರಿಕೆ ಹೊರಬರುತ್ತಿತ್ತು. ರದ್ದಿಯ ರಾಶಿಯಲ್ಲಿ ಯಾರೋ ಅರ್ಧ ತುಂಬಿಸಿ ಬಿಟ್ಟ ಪದಬಂಧ. ಉಳಿದರ್ಧ ಇವರಿಬ್ಬರು ತುಂಬಿಸುತ್ತಿದ್ದರು. ಲೋಕವೆಲ್ಲ ಅವಳನ್ನು ಅಕ್ಕ ಎನ್ನುತ್ತಿದ್ದರೂ ಮಾಸ್ತರು ಮಾತ್ರ ತಪ್ಪಿಯೂ ಹಾಗೆನ್ನದೆ "ಏನ್ರೀ" ಎನ್ನುತ್ತಿದ್ದರು. ಅವಳು ಅದನ್ನು ಎಂದೋ ಗಮನಿಸಿದ್ದಳು. ಯಾರಿಗೂ ಹೇಳಿರಲಿಲ್ಲ, ಹೇಳಲು ಯಾರಿದ್ದರು?

ಒಮ್ಮೆ ಇಲಿಗಳು ವೇಬ್ರಿಡ್ಜ್‌ನಿಂದ ಅವಳ ಕಂಪ್ಯೂಟರಿಗೆ ಬರುವ ಕೇಬಲ್ ಕಡಿದುಹಾಕಿದಾಗ ಮಾಸ್ತರು ಅಲ್ಲೇ ಕೂತಿದ್ದರು. ರಿಪೇರಿಯವರ ದಾರಿ ಕಾದು ಕಾದು ಬೇಸತ್ತು ಅವಳೇ ಬೆಸುಗೆ ಹಾಕುವುದನ್ನು ಕಲಿತುಕೊಂಡಿದ್ದಳು. ತಂತಿ ಸೇರಿಸುತ್ತ ಹೇಳಿದಳು, "ನೋಡಿ, ಎರಡನೇ ಪಿನ್ ಕಿವಿ, ಮೂರನೇ ಪಿನ್ ಬಾಯಿ. ಎರಡು ಕಂಪ್ಯೂಟರ್ ಮಾತಾಡ್ಬೇಕು ಅಂದ್ರೆ ಇದರ ಬಾಯಿಂದ ಹೊರಟ ತಂತಿ ಅದರ ಕಿವಿಗೆ ಹೋಗ್ಬೇಕು. ಬಾಯಿಗೆ ಬಾಯಿ, ಕಿವಿಗೆ ಕಿವಿ ಸೇರಿಸಿಬಿಟ್ರೆ ಇಬ್ಬರೂ ಒದರ್ತಾರೆ, ಯಾರಿಗೂ ಕೇಳ್ಸಲ್ಲ."

"ನಮ್ಮ ಆಫೀಸಿನ ಮೀಟಿಂಗ್ ಥರ," ಎಂದರು ಮಾಸ್ತರು. ಅವಳು ನಕ್ಕ ರಭಸಕ್ಕೆ ಬೆಸುಗೆ ಕಡ್ಡಿ ಜಾರಿ ಮೇಜಿನ ಮೇಲೆ ಕಪ್ಪು ಕಲೆ ಬಿತ್ತು.

ಹೀಗೆ ತಣ್ಣಗೆ ನಡೆದುಕೊಂಡು ಹೋಗುತ್ತಿದ್ದ ಬದುಕಿಗೆ ಮ್ಯಾನೇಜರ್ ಕಣ್ಣು ಬಿತ್ತು. ಚೀಟಿಗಳು ಕಳೆದುಹೋಗುತ್ತವೆ, ಮೇಲಿನವರು ಬೈಯುತ್ತಾರೆ, ಆದ್ದರಿಂದ ತೂಕದ ಕೋಣೆಯ ಕಂಪ್ಯೂಟರಿನಿಂದ ಆಫೀಸಿನ ಕಂಪ್ಯೂಟರಿಗೆ ಒಂದು ಲೈನ್ ಎಳೆಸಿಬಿಡೋಣ ಎಂದರು. ಎರಡೂ ಓಬೀರಾಯನ ಕಾಲದ ಯಂತ್ರಗಳು. ಹೊಸದು ತರಿಸಲು ಮ್ಯಾನೇಜರಿಗೆ ಮನಸ್ಸಿಲ್ಲ. ಹಾಗಾಗಿ ಬೆನ್ನ ಹಿಂದಿನ ಒಂಬತ್ತು ಪಿನ್ನಿನ ಸೀರಿಯಲ್ ಕಿಂಡಿಗೆ ಕೇಬಲ್ ಚುಚ್ಚಿ, ಅಂಕಿಗಳನ್ನು ನಿಧಾನಕ್ಕೆ ಒಂದರ ಹಿಂದೆ ಒಂದು ಕಳಿಸುವುದೆಂದು ತೀರ್ಮಾನವಾಯಿತು.

ಲೈನ್ ಎಳೆಯುವವನು ಬಂದ. ಹೊಟ್ಟೆ ಮುಂದೆ, ಆಸಾಮಿ ಹಿಂದೆ. ಬಾಯಿಗೆ ಬಿಡುವಿಲ್ಲದ ಆಸಾಮಿ, ಆದರೆ ಕೈ ಅಚ್ಚುಕಟ್ಟು. ಗೋಡೆಯುದ್ದಕ್ಕೂ ಪೈಪಿನೊಳಗೆ ಕಪ್ಪು ಕೇಬಲ್ ಹಾಯಿಸಿದ, ಎರಡೂ ತುದಿಗೆ ಪ್ಲಗ್ ಬೆಸೆದ, ಎರಡೂ ಕಂಪ್ಯೂಟರಿನಲ್ಲಿ ಒಂದೇ ವೇಗ ಇಟ್ಟ. ಪರೀಕ್ಷೆಗೆ ಅವಳ ಕೋಣೆಯಿಂದ ಒಂದು ತೂಕ ಕಳಿಸಿದಾಗ ಆಫೀಸಿನ ಪರದೆಯ ಮೇಲೆ ಅದು ಬಂತು, ಅಲ್ಲಿಂದ ಓಕೆ ಎಂಬ ಎರಡಕ್ಷರ ಮರಳಿ ಬಂತು.

"ನಾಳೆ ಬೆಳಿಗ್ಗೆ ಸಾಹೇಬ್ರ ಮುಂದೆ ತೋರಿಸಿಬಿಟ್ರೆ ನನ್ನ ಕೆಲಸ ಮುಗೀತು," ಎಂದು ಸಾಮಾನಿನ ಚೀಲವನ್ನು ಆಫೀಸಿನಲ್ಲೇ ಬಿಟ್ಟು ಹೊರಟ. ಹೋಗುವಾಗ ಹಲ್ಲು ಕಿರಿದು ಹೇಳಿದ, "ನಾಳೆಯಿಂದ ಯಾರೂ ಯಾರ ಹತ್ರಾನೂ ಹೋಗ್ಬೇಕಾಗಿಲ್ಲ ಬಿಡಕ್ಕಾ. ಆರಾಮ!"

ನಾಳೆಯಿಂದ ಚೀಟಿ ಇಲ್ಲ. ಚೀಟಿ ಇಲ್ಲದೆ ಮಾಸ್ತರು ಯಾವ ನೆಪ ಹೇಳಿ ಬಂದಾರು? ಅವಳಾಗಿ ಆಫೀಸಿಗೆ ಹೋಗೋಣವೆಂದರೆ, ಲಾರಿ ಕಾಯುತ್ತಿರುವಾಗ ಕೋಣೆ ಬಿಡುವಂತಿಲ್ಲ, ಲಾರಿ ಕಾಯದ ಹೊತ್ತೇ ಇಲ್ಲ. ಒಬ್ಬ ಡ್ರೈವರನ್ನೂ ಅನಗತ್ಯವಾಗಿ ಕಾಯಿಸಿದವಳಲ್ಲ ಎಂಬ ಹೆಸರು ಬೇರೆ. ಸುಮ್ಮನೆ ಹೋಗಿ ಕೂತರೆ ಜನರ ಬಾಯಿಗೆ ಬೀಗ ಹಾಕುವವರು ಯಾರು?

ಸಂಜೆ ಮಾಸ್ತರು ಬಂದರು. ಬಲಗೈ ತೋರುಬೆರಳಿಗೆ ಬಿಳಿ ಪ್ಲಾಸ್ಟರ್ ಸುತ್ತಿದ್ದರು.

"ಏನಾಯ್ತು ಮಾಸ್ತರೇ?"

"ಟೀ ಚೆಲ್ತು."

ಅಂದು ಚೀಟಿಗಳು ಬೇಗ ಮುಗಿದವು. ಒಗ್ಗರಣೆಯೂ ಇಲ್ಲ, ಪದಬಂಧವೂ ಇಲ್ಲ. ಹೋಗುವ ಮುಂಚೆ ಮಾಸ್ತರು ಬಾಗಿಲಲ್ಲಿ ನಿಂತು ಏನೋ ಹೇಳಲು ಬಾಯಿ ತೆರೆದವರು, "ನಾಳೆ ನೋಡೋಣ" ಎಂದಷ್ಟೇ ಹೇಳಿ ನಡೆದರು.

ಅವರು ಗೇಟು ದಾಟಿದ್ದೇ ತಡ, ಅವಳು ಬೆಸುಗೆ ಕಡ್ಡಿ ಕಾಯಿಸಿದಳು. ತನ್ನ ಕಡೆಯ ಪ್ಲಗ್ ಬಿಚ್ಚಿ ಎರಡನೇ ಪಿನ್ನಿನ ತಂತಿ ಮೂರಕ್ಕೆ, ಮೂರರದು ಎರಡಕ್ಕೆ ಹಾಕಿದಳು. ಜೀವಮಾನದಲ್ಲಿ ಒಂದು ತೂಕ ಹೆಚ್ಚುಕಮ್ಮಿ ಹೇಳದವಳು, ಕಳ್ಳಿಯ ಹಾಗೆ ಬಾಗಿಲ ಕಡೆ ನೋಡಿ ನೋಡಿ ಬೆಸೆದಳು. ಆಫೀಸಿನ ಕಂಪ್ಯೂಟರ್ ಆಗಲೇ ಆರಿತ್ತು. ಪರೀಕ್ಷಿಸುವ ಹಾಗಿರಲಿಲ್ಲ, ಪರೀಕ್ಷಿಸುವ ಅಗತ್ಯವೂ ಇರಲಿಲ್ಲ. ಬಾಯಿಗೆ ಬಾಯಿ, ಕಿವಿಗೆ ಕಿವಿ. ನಾಳೆ ಲೈನಿನವನು ತಲೆ ಕೆರೆದುಕೊಳ್ಳುತ್ತಾನೆ, ಹಳೇ ಯಂತ್ರಗಳ ಮೇಲೆ ತಪ್ಪು ಹಾಕುತ್ತಾನೆ. ಮ್ಯಾನೇಜರಿಗೆ ತಾಳ್ಮೆ ಕಡಿಮೆ, ಹಳೇ ಪದ್ಧತಿಯೇ ವಾಸಿ ಎನ್ನುತ್ತಾರೆ. ಆ ದಿನ ಮನೆಯಲ್ಲಿ ಅವಳು ಹಾಡು ಗುನುಗಿದ್ದು ಕೇಳಿ ಅಕ್ಕ ಅಡುಗೆಮನೆಯಿಂದ ಇಣುಕಿ ನೋಡಿದಳು.

ಬೆಳಿಗ್ಗೆ ಮೊದಲ ಲಾರಿ ಬಂತು. ಅವಳು ತೂಕ ಕಳಿಸಿ ಕೈ ಕಟ್ಟಿ ಕೂತಳು. ಪರದೆಯ ಮೇಲೆ ಥಟ್ಟನೆ ಎರಡಕ್ಷರ ಮೂಡಿತು. ಓಕೆ. ಮರುಗಳಿಗೆಯೇ ಫೋನಿನಲ್ಲಿ ಮ್ಯಾನೇಜರ್ "ಬಂತು! ಬಂತು!" ಎಂದು ಗಂಡುಮಗು ಹುಟ್ಟಿದವರ ಹಾಗೆ ಕೂಗಿದರು.

ಅವಳಿಗೆ ಅರ್ಥವಾಗದ ವಿಷಯವಲ್ಲ ಇದು. ಈ ತುದಿಯಲ್ಲಿ ತಾನು ಕೆಡಿಸಿದ್ದನ್ನು ಯಾರೋ ಆ ತುದಿಯಲ್ಲಿ ಸರಿಪಡಿಸಿದ್ದಾರೆ. ಅಲ್ಲೂ ಎರಡು ಮೂರು ಅದಲುಬದಲು ಮಾಡಿದರೆ ಲೈನ್ ಮತ್ತೆ ನೆಟ್ಟಗಾಗುತ್ತದೆ. ಲೈನಿನವನು ಬಂದದ್ದೇ ಮ್ಯಾನೇಜರ್ ಜೊತೆ, ಅವನಿಗೆ ಸಮಯವಿರಲಿಲ್ಲ. ಉಳಿದವರು ಒಬ್ಬರೇ. ಆಫೀಸಿನ ಬೀಗ ತೆಗೆಯುವವರು, ಬಾಯಿ ಕಿವಿಯ ಪಾಠ ಕೇಳಿದವರು. ಅದನ್ನು ಕಲಿಸಿದ್ದೂ ಅವಳೇ. ಬೆಳಿಗ್ಗೆ ಬೇಗ ಬಂದು, ಲೈನ್ ಕೆಟ್ಟದ್ದು ನೋಡಿ, ಮೇಲೆ ಬಿದ್ದು ಸರಿಮಾಡಿದ್ದಾರೆ. ಅಂಗಳ ದಾಟಿ ಬಂದು ಈ ಸ್ಟೂಲಿನ ಮೇಲೆ ಕೂರುವುದು ಅವರಿಗೆ ಅಷ್ಟು ಬೇಡವಾಗಿತ್ತು. ಅವಳಿಗೆ ಅಳು ಬರಲಿಲ್ಲ, ನಾಚಿಕೆಯಾಯಿತು.

ಅದಾಗಿ ಕೆಲವು ದಿನಕ್ಕೆ ಮಾಸ್ತರು ಮನೆಗೆ ಹೋಗುವ ದಾರಿಯಲ್ಲಿ ಕಿಟಕಿಯ ಹತ್ತಿರ ನಿಂತರು. ಒಳಗೆ ಬರಲಿಲ್ಲ.

"ನನ್ನ ಕಾಟ ತಪ್ತಲ್ಲ ನಿಮಗೆ," ಎಂದರು.

"ನಿಮಗೂ ಬಿಸಿಲಲ್ಲಿ ನಡೆಯೋದು ತಪ್ತು," ಎಂದಳು ಅವಳು, ಪರದೆಯಿಂದ ಕಣ್ಣು ತೆಗೆಯದೆ.

"ಹೌದು, ಹೌದು," ಎಂದು ಮಾಸ್ತರು ಚಪ್ಪಲಿಯ ಧೂಳು ಕೊಡವಿದರು. ಇಬ್ಬರಿಗೂ ಬಾಯಲ್ಲಿ ಬೇರೆ ಮಾತಿತ್ತು. ದೊಡ್ಡವರಾದ ಮೇಲೆ ಜನ ಹೀಗೆ ದಡ್ಡರಾಗುತ್ತಾರೆ.

ಆಮೇಲೆ ಅವಳ ಜೊತೆ ಮಾತಾಡುತ್ತಿದ್ದದ್ದು ಆ ಓಕೆ ಒಂದೇ. ಮೊದಮೊದಲು ಅದನ್ನು ಮಾಸ್ತರೇ ಒತ್ತುತ್ತಾರೇನೋ ಎಂದು ಪ್ರತಿ ಸಲ ಕಣ್ಣಿಟ್ಟು ನೋಡಿದಳು. ಮಾಸ್ತರು ರಜೆ ಹಾಕಿದ ದಿನವೂ ಅದು ಅಷ್ಟೇ ಚುರುಕಾಗಿ ಬಂದಾಗ ಯಂತ್ರ ತಾನಾಗಿ ಹೇಳುತ್ತದೆಂದು ಗೊತ್ತಾಯಿತು. ಸ್ಟೂಲಿನ ಮೇಲೆ ನೀರಿನ ಬಾಟಲಿ ಇಟ್ಟಳು. ಚೀಟಿಯ ಕೆಲಸವೇ ಇಲ್ಲದ ಗುಮಾಸ್ತರು ಯಾಕೆಂದು ಮ್ಯಾನೇಜರ್ ಮಾಸ್ತರನ್ನು ದೂರದ ಊರಿನ ಗೋದಾಮಿಗೆ ಹಾಕಿದರು. ಹೇಳಿಹೋಗಲು ಬಂದಾಗ ಎರಡು ಲಾರಿ ಕಾಯುತ್ತಿದ್ದವು. "ಬರ್ತೀನಿ ಕಣ್ರೀ" ಎಂದರು. "ಹೂಂ, ಆರೋಗ್ಯ ನೋಡ್ಕೊಳ್ಳಿ" ಎಂದಳು. ಲಾರಿ ಹಾರ್ನ್ ಹೊಡೆಯಿತು, ಅವಳು ತೂಕದ ಕಡೆ ತಿರುಗಿದಳು. ತಲೆ ಎತ್ತುವಷ್ಟರಲ್ಲಿ ಕಿಟಕಿ ಖಾಲಿಯಾಗಿತ್ತು.

ಮುಂದಿನ ವರ್ಷ ಹೊಸ ಮ್ಯಾನೇಜರ್ ಬಂದು ಹೊಸ ಕಂಪ್ಯೂಟರ್ ತರಿಸಿದರು, ತಂತಿಯಿಲ್ಲದ್ದು. ಅದೇ ಹೊಟ್ಟೆಯ ಆಸಾಮಿ ಹಳೇ ಕೇಬಲ್ ಎಳೆದು ಸುರುಳಿ ಸುತ್ತಿ ಅವಳ ಕೋಣೆಯಲ್ಲಿ ಬಿಸಾಡಿದ. "ಪ್ಲಗ್ ಏನಾದ್ರೂ ಬೇಕಾದ್ರೆ ತಗೊಳ್ಳಕ್ಕಾ."

ಮಧ್ಯಾಹ್ನ ಲಾರಿಗಳು ಕಡಿಮೆಯಿದ್ದಾಗ ಅವಳು ಪ್ಲಗ್ ಬಿಚ್ಚಲು ಕೂತಳು. ಒಂದು ತನ್ನದು, ಗುರುತು ಸಿಕ್ಕಿತು. ಇನ್ನೊಂದನ್ನು ಬಿಚ್ಚಿದಳು. ಒಳಗೆ ಎರಡು ಪಿನ್ನುಗಳ ಮೇಲೆ ಕಡಲೆಕಾಳಿನಷ್ಟು ದಪ್ಪ ಬೆಸುಗೆ, ಜನ್ಮದಲ್ಲಿ ಬೆಸುಗೆ ಕಡ್ಡಿ ಹಿಡಿಯದವರ ಕೈ. ನಗು ಬಂತು. ತಂತಿ ತಂತಿಗೆ ತಾಗದಿರಲೆಂದು ನಡುವೆ ಏನೋ ಬಿಳಿಯದನ್ನು ಸುತ್ತಿದ್ದರು. ಉಗುರಿನಿಂದ ಎಬ್ಬಿಸಿ ನೋಡಿದಳು. ಗಾಯಕ್ಕೆ ಹಚ್ಚುವ ಪ್ಲಾಸ್ಟರ್.

ನಗು ಅಲ್ಲೇ ನಿಂತುಹೋಯಿತು.

ಪ್ಲಾಸ್ಟರ್ ಸುತ್ತಿದ ಬೆರಳನ್ನು ಅವಳು ನೋಡಿದ್ದು ಯಾವಾಗ? ಪ್ರದರ್ಶನದ ಬೆಳಿಗ್ಗೆ ಅಲ್ಲ, ಅದರ ಹಿಂದಿನ ಸಂಜೆ. ಟೀ ಚೆಲ್ಲಿತು ಎಂದಿದ್ದರು. ಆ ಸಂಜೆ ಅವಳಿನ್ನೂ ತನ್ನ ಪ್ಲಗ್ ಮುಟ್ಟಿರಲಿಲ್ಲ, ಬೆಸುಗೆ ಕಡ್ಡಿಯನ್ನೇ ಕಾಯಿಸಿರಲಿಲ್ಲ. ಲೈನಿನವನು ಪರೀಕ್ಷೆ ಮಾಡಿ ಹೋಗಿದ್ದ ಲೈನ್ ಆಗ ಬಂಗಾರದಂತಿತ್ತು. ನೆಟ್ಟಗಿರುವ ಲೈನನ್ನು ಯಾರಾದರೂ ಬೆರಳು ಸುಟ್ಟುಕೊಂಡು ಸರಿಮಾಡುತ್ತಾರೆಯೇ? ಮಾಸ್ತರು ಸರಿಮಾಡಿರಲಿಲ್ಲ. ಕೆಡಿಸಿದ್ದರು. ಲೈನಿನವನು ಬಿಟ್ಟುಹೋದ ಚೀಲದ ಕಡ್ಡಿಯಿಂದ ಕೆಡಿಸಿ, ಬೆರಳು ಸುತ್ತಿಕೊಂಡು, ಅವಳ ಎದುರು ಬಂದು ಕೂತು ಚೀಟಿಗೆ ಗುರುತು ಹಾಕಿದ್ದರು. ಅವರು ಕೆಡಿಸಿದ್ದನ್ನು ಅವಳು ಅದೇ ಸಂಜೆ, ಕೆಡಿಸುತ್ತೇನೆಂದುಕೊಂಡು, ಸರಿಮಾಡಿ ಇಟ್ಟಿದ್ದಳು. ತಾವು ಬರುವುದು ಅವಳಿಗೆ ಬೇಡವೆಂದೇ ಅವರೂ ಆಗ ಅಂದುಕೊಂಡಿರಬೇಕು.

ಇಬ್ಬರಲ್ಲಿ ಒಬ್ಬರು ಸುಮ್ಮನಿದ್ದಿದ್ದರೆ ಸಾಕಿತ್ತು.

ಅವಳಿಗೆ ಅಳು ಬಂತು, ಒಂದು ವರ್ಷದ ಬಾಕಿಯೆಲ್ಲ ಸೇರಿ. ಸೆರಗಿನಲ್ಲಿ ಮುಖ ಒರೆಸಿಕೊಂಡು ಫೋನ್ ಎತ್ತಿ ದೂರದ ಗೋದಾಮಿನ ನಂಬರ್ ಒತ್ತಿದಳು. ಯಾರೋ ಎತ್ತಿ, ಯಾರನ್ನೋ ಕೂಗಿ, ತುಂಬ ಹೊತ್ತಿನ ಮೇಲೆ ಆ ಧ್ವನಿ ಬಂತು.

"ಯಾರು, ಹೇಳಿ."

ಏನು ಹೇಳಬೇಕೆಂದು ಅವಳು ಯೋಚಿಸಿಯೇ ಇರಲಿಲ್ಲ.

"ಮಾಸ್ತರೇ, ಬೆರಳು ವಾಸಿ ಆಯ್ತಾ?"

ಇಲ್ಲಿ ಒಂದು ಲಾರಿ ಬಂದು ವೇಬ್ರಿಡ್ಜ್ ಮೇಲೆ ನಿಂತಿತು.

"ಕಲೆ ಉಳ್ಕೊಂಡಿದೆ ಕಣ್ರೀ," ಎಂದರು ಮಾಸ್ತರು. ಸ್ವಲ್ಪ ತಡೆದು, "ನನ್ನ ಕಡೆ ಪ್ಲಗ್ ಬಿಚ್ಚಿದ್ರಾ?" ಎಂದರು.

"ನಿಮ್ಮದನ್ನ ಇವತ್ತು, ನನ್ನದನ್ನ ಅವತ್ತೇ ಬಿಚ್ಚಿದ್ದೆ," ಎಂದಳು ಅವಳು. "ನೀವು ಗೇಟ್ ದಾಟಿದ ಮೇಲೆ."

ಮಾಸ್ತರು ಫೋನ್ ಇಡಲಿಲ್ಲ. ಹೊರಗೆ ಲಾರಿಯವನು ಹಾರ್ನ್ ಹೊಡೆದ, "ತೂಕದಕ್ಕಾ" ಎಂದು ಕೂಗಿದ, ಮತ್ತೆ ಹಾರ್ನ್ ಹೊಡೆದ. ಹೊಡೆದುಕೊಳ್ಳಲಿ ಎಂದು ಅವಳು ಸ್ಟೂಲಿನ ಮೇಲಿದ್ದ ಬಾಟಲಿ ತೆಗೆದು ಕೆಳಗಿಟ್ಟಳು.