ಮಡ್‌ಗಾರ್ಡಿನ ಮೇಲೆ ಅರಿಶಿನದ ಕೈ

ನಾನು ಒಂದು ಮದುವೆ ಕಾರು. ಬರೀ ಕಾರು ಅಂದೀರಿ, ಜೋಕೆ! ನನ್ನ ಸೀಟಿನಲ್ಲಿ ಕೂತು ಮೆರೆದ ಹುಬ್ಬಳ್ಳಿಯ ಹೆಣ್ಣುಮಕ್ಕಳು ಈಗ ಮೊಮ್ಮಕ್ಕಳ ಕೈಹಿಡಿದು ಬಂದು, "ಇದ್ರಾಗ ಕೂತು ಬಂದಿದ್ನಿ ನೋಡು" ಎಂದು ನನ್ನನ್ನು ತೋರಿಸುತ್ತಾರೆ.

ಹುಟ್ಟಿದ್ದು ಸಮುದ್ರದಾಚೆಯ ಕಾರ್ಖಾನೆಯಲ್ಲಿ. ಹಡಗಿನಲ್ಲಿ ಮುಂಬೈಗೆ ಬಂದಿಳಿದೆ. ಹತ್ತಿ ವ್ಯಾಪಾರಿಯೊಬ್ಬರು ನನ್ನನ್ನು ಹುಬ್ಬಳ್ಳಿಗೆ ತಂದರು. ಅವರ ಮನೆಯಲ್ಲಿ ನನಗೆ ರಾಜಭೋಗ. ಧಾರವಾಡದ ರಸ್ತೆಯಲ್ಲಿ ಜುಮ್ಮೆಂದು ಓಡುವುದು, ಬಂದು ನೆರಳಲ್ಲಿ ನಿಲ್ಲುವುದು, ಇಷ್ಟೇ ಕೆಲಸ. ಆಮೇಲೆ ಒಬ್ಬ ಡಾಕ್ಟರ ಪಾಲಾದೆ. ಡಾಕ್ಟರು ನನ್ನೊಳಗೆ ಕೂತು ಕದ್ದು ಬೀಡಿ ಸೇದುತ್ತಿದ್ದರು. ಮನೆಯಲ್ಲಿ ಹೆಂಡತಿಗೆ ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ! ಕೊನೆಗೆ ಬಂದದ್ದು ಫಕ್ಕೀರಪ್ಪನ ಮನೆಗೆ. ಆತ ನನಗೆ ಹಾಲಿನ ಬಣ್ಣ ಹೊಡೆಸಿ, ಹೂವಿನ ಹಾರ ಹಾಕಿ, ಮದುವೆ ಮೆರವಣಿಗೆಗಳಿಗೆ ಕಳಿಸತೊಡಗಿದ.

ನನ್ನ ಪಜೀತಿ ಶುರುವಾದದ್ದೇ ಅಲ್ಲಿಂದ. ನನಗೆ ಕರೆಂಟು ಕೊಡುತ್ತಿದ್ದವನು ಡೈನಮೋ. ಓಡಿದರೆ ಮಾತ್ರ ಕೊಡುವ ಆಸಾಮಿ ಅವನು, ನಡೆದರೆ ಕೊಡುವುದಿಲ್ಲ. ಮೆರವಣಿಗೆಯಲ್ಲಿ ಓಡುವುದೆಲ್ಲಿ ಬಂತು? ಮುಂದೆ ಬ್ಯಾಂಡು, ಅದರ ಮುಂದೆ ಕುಣಿಯುವ ಗೆಳೆಯರು, ಹಿಂದೆ ತೆವಳುವ ನಾನು. ದೀಪಗಳೆಲ್ಲ ಝಗಝಗ, ಬ್ಯಾಟರಿ ಮಾತ್ರ ಖಾಲಿ ಖಾಲಿ. ಸಾಲದ್ದಕ್ಕೆ ವಯಸ್ಸಾದ ಮೇಲೆ ಆ ಮಹಾರಾಯ, ನಾನು ನಿಂತಾಗ ಬ್ಯಾಟರಿಯ ಕರೆಂಟನ್ನು ತಾನೇ ಕುಡಿಯುವುದನ್ನು ಕಲಿತ. ಹಾಗಾಗಿ ಫಕ್ಕೀರಪ್ಪ ದಿನಾ ಸಂಜೆ ಬ್ಯಾಟರಿಯ ವೈರು ಬಿಚ್ಚುತ್ತಿದ್ದ, ಬೆಳಿಗ್ಗೆ ಕಟ್ಟುತ್ತಿದ್ದ. ಪ್ಲಸ್ಸಿನ ವೈರು ನನ್ನ ಮೈಗೆ. ನನ್ನ ಓರಗೆಯ ಕಾರುಗಳ ಪದ್ಧತಿ ಅದು. ಈಗಿನವರದೆಲ್ಲ ತಿರುವುಮುರುವು.

ಹೋದ ವರ್ಷ ಪೇಟೆಯ ನಟ್ಟನಡುವೆ, ದುರ್ಗದ ಬೈಲಿನಲ್ಲಿ ನನ್ನ ಮಾನ ಹೋಯಿತು. ಮೆರವಣಿಗೆಯ ನಡುವೆ ದೀಪ ಹಳದಿಯಾಯಿತು, ಕೆಂಪಾಯಿತು, ಇಂಜಿನ್ನು ಗೊಕ್ ಎಂದು ನಿಂತಿತು. ಮದುಮಗ ಬಾಸಿಂಗ ಕಟ್ಟಿಕೊಂಡೇ ಇಳಿದು ನಡೆದ. ರೇಷ್ಮೆ ಸೀರೆಯ ಹೆಂಗಸರು ಸೆರಗು ಸಿಕ್ಕಿಸಿಕೊಂಡು ನನ್ನನ್ನು ನೂಕಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಈ ವರ್ಷ ಫಕ್ಕೀರಪ್ಪನ ಒಬ್ಬಳೇ ಮಗಳು ಸುಮಂಗಲಾಳ ಮದುವೆ ಗೊತ್ತಾಯಿತು. ಗಂಡಿನ ತಂದೆ ಬಂದವರೇ, "ಆ ಮುದಿ ಕಾರು ಬ್ಯಾಡ್ರಿ. ನಡುಬೀದ್ಯಾಗ ನಿಂತ್ರ ನಮ್ಮ ಮರ್ಯಾದಿ ಹೋಗ್ತೈತಿ" ಎಂದರು.

"ಕೂತ್ರ ಇದ್ರಾಗ ಕೂಡ್ತೀನ್ರಿ. ಇಲ್ಲಾಂದ್ರ ನಡಕೋತ ಬರ್ತೀನಿ" ಅಂದಳು ಸುಮಂಗಲಾ. ಎಂಥ ಹುಡುಗಿ ನನ್ನವಳು!

ಇಬ್ಬರ ನಡುವೆ ಸಿಕ್ಕ ಫಕ್ಕೀರಪ್ಪ ಬೀಗರಿಗೆ ಮಾತು ಕೊಟ್ಟುಬಿಟ್ಟ: "ಅವತ್ತೇನರ ನಿಂತ್ರ, ಮರುದಿನಾನ ಗುಜರಿಗೆ ಹಾಕ್ತೀನ್ರಿ."

ಗುಜರಿ! ನನ್ನ ನಾಲ್ಕೂ ಟೈರಿನ ಗಾಳಿ ಹೋದಂತಾಯಿತು.

ಬೀಗರು ಹೋದ ಮೇಲೆ ಸುಮಂಗಲಾ ಅಪ್ಪನ ಬೆನ್ನುಬಿದ್ದಳು. "ಡೈನಮೋ ತಗಿಸಿ ಆಲ್ಟರ್ನೇಟರ್ ಹಾಕ್ಸಪ್ಪಾ. ಗಾಡಿ ಸಾವಕಾಶ ಹೋದ್ರೂ ಅದು ಕರೆಂಟ್ ಕೊಡ್ತೈತಿ."

"ಹುಟ್ಟಿದಾಗಿಂದ ಬಂದದ್ದು ಯಾರರ ತಗಿಸ್ತಾರೇನ?"

"ನಿನ್ನ ಹಲ್ಲು ಹುಟ್ಟಿದಾಗಿಂದ ಬಂದಾವೇನ? ಕಟ್ಟಿಸಿಕೊಂಡಿಲ್ಲೇನ?"

ಫಕ್ಕೀರಪ್ಪ ಕಟ್ಟಿಸಿದ ಹಲ್ಲು ತೋರಿಸಿ ನಕ್ಕ. ಮರುದಿನವೇ ಮೇಸ್ತ್ರಿ ದಾವಲಸಾಬರ ಗ್ಯಾರೇಜಿಗೆ ನಮ್ಮ ಸವಾರಿ ಹೊರಟಿತು.

ದಾವಲಸಾಬರು ಡೈನಮೋ ಇಳಿಸಿದರು. ಸಣ್ಣ ವ್ಯಾನೊಂದರಿಂದ ತೆಗೆದ ಆಲ್ಟರ್ನೇಟರನ್ನು ನನಗೆ ಹೊಂದಿಸಲು ಕಬ್ಬಿಣದ ಪಟ್ಟಿ ಕೊಯ್ದರು, ಬಗ್ಗಿಸಿದರು, ಬೈದರು, ಮತ್ತೆ ಕೊಯ್ದರು. ಬೆಲ್ಟು ಬಿಗಿದರು. ವೈರುಗಳನ್ನು ಅದಲುಬದಲು ಮಾಡಿದರು. ಇಂಜಿನ್ನು ಚಾಲೂ ಆಯಿತು. ನಾನು ನಿಂತಲ್ಲೇ ನಿಂತಿದ್ದೇನೆ, ದೀಪಗಳೆಲ್ಲ ಉರಿಯುತ್ತಿವೆ, ಆದರೂ ಚಾರ್ಜಿನ ಮುಳ್ಳು ಮೇಲೇರುತ್ತಿದೆ! ಅಬ್ಬಬ್ಬಾ, ಆ ಖುಷಿ ಏನೆಂದು ಹೇಳಲಿ! ಹರೆಯ ಮರಳಿ ಬಂದಂತಾಗಿ, ಸುಮಂಗಲಾ ಹಾರ್ನು ಒತ್ತಿದಾಗ ಓಣಿಯೇ ತಿರುಗಿ ನೋಡುವಂತೆ ಕೂಗಿದೆ.

"ಮಾಲಕ್ರ, ಇನ್ನ ಸಂಜಿಕೆ ವೈರ್ ಬಿಚ್ಚೂದು ಬ್ಯಾಡ್ರಿ" ಎಂದರು ದಾವಲಸಾಬರು. "ಈಗ ಮೈನಸ್ಸು ಗಾಡಿ ಮೈಗೆ. ಉಲ್ಟಾ ತಾಗಿದ್ರ ಹೊಸಾದು ಸುಟ್ಟು ಕರಕಲಾಗ್ತೈತಿ."

ಫಕ್ಕೀರಪ್ಪ ತಲೆಯಾಡಿಸಿದ. ತಲೆ ಕೇಳಿತು, ಕೈ ಕೇಳಬೇಕಲ್ಲ? ಮದುವೆಯ ಹಿಂದಿನ ಸಂಜೆ ನೂರೆಂಟು ಗಡಿಬಿಡಿಯಲ್ಲಿ ಆ ಕೈ ತನ್ನ ಪಾಡಿಗೆ ತಾನು ವೈರು ಬಿಚ್ಚಿಟ್ಟಿತು.

ಮದುವೆಯ ಬೆಳಿಗ್ಗೆ. ಅಂಗಳದಲ್ಲಿ, ನನ್ನೆದುರಿಗೇ ಸುಮಂಗಲಾಳಿಗೆ ಅರಿಶಿನ ಹಚ್ಚುತ್ತಿದ್ದರು. ಫಕ್ಕೀರಪ್ಪ ಹಾಡು ಗುನುಗುತ್ತ ಬಂದು ನನ್ನ ಬಾನೆಟ್ ಎತ್ತಿದ. ಬ್ಯಾಟರಿಯನ್ನು ಹಳೆಯ ರೂಢಿಯಂತೆ ತಿರುಗಿಸಿಟ್ಟ. ಮೈನಸ್ಸಿನ ಅಳತೆಗೆ ಮಾಡಿದ ವೈರಿನ ಬಾಯಿ ಪ್ಲಸ್ಸಿನ ಮೇಲೆ ಸರಿಯಾಗಿ ಕೂರಲಿಲ್ಲ. "ಈ ದಾವಲಸಾಬ ಏನ್ ಮಾಡ್ಯಾನೋ" ಎನ್ನುತ್ತ ಸ್ಕ್ರೂಡ್ರೈವರಿನಿಂದ ಅದನ್ನು ಅಗಲಿಸಿ ಪ್ಲಸ್ಸನ್ನು ನನ್ನ ಮೈಗೆ ಬಿಗಿದ. ಬ್ಯಾಡೋ ಮಾರಾಯ! ನನಗೆ ಬಾಯಿಲ್ಲ. ಹಾರ್ನಿಗೆ ಕರೆಂಟಿಲ್ಲ. ಎರಡನೆಯ ವೈರು ಅವನ ಕೈಯಲ್ಲಿತ್ತು.

"ಅಪ್ಪಾ! ಕೈ ತಗಿ! ಹಿಂದ ಮುಂದ ಆಗೇತಿ!"

ಮಣೆಯಿಂದ ಎದ್ದು ಓಡಿಬಂದ ಸುಮಂಗಲಾ ಒಂದು ಕೈಯಿಂದ ಅಪ್ಪನ ಕೈ ಜಗ್ಗಿದಳು, ಇನ್ನೊಂದು ಕೈಯನ್ನು ನನ್ನ ಮಡ್‌ಗಾರ್ಡಿನ ಮೇಲೆ ಊರಿ ನಿಂತಳು. ವೈರು ತಾಗಲಿಲ್ಲ.

"ಕೈ ತಾನ ಮಾಡಿತವ್ವಾ" ಎಂದ ಫಕ್ಕೀರಪ್ಪ. ಮಗಳೇ ನಿಂತು ಬ್ಯಾಟರಿ ತಿರುಗಿಸಿ ಕಟ್ಟಿಸಿದಳು.

ಸಂಜೆ ಮೆರವಣಿಗೆ! ದುರ್ಗದ ಬೈಲಿನಲ್ಲಿ ಬ್ಯಾಂಡಿನವರು ಬೇಕಂತಲೇ ನಿಂತು ಬಾರಿಸಿದರು. ಕುಣಿಯುವವರು ಕುಣಿದೇ ಕುಣಿದರು. ಬೀಗರ ಕಣ್ಣು ನನ್ನ ದೀಪಗಳ ಮೇಲೇ ಇತ್ತು. ನಾನು ಕಣ್ಣು ಪಿಳುಕಿಸಲೂ ಇಲ್ಲ! ಕೊನೆಗೆ ಅವರೇ ಫಕ್ಕೀರಪ್ಪನ ಹತ್ತಿರ ಬಂದು, "ನಮ್ಮ ಸಣ್ಣವನ ಮದವಿಗೂ ಇದನ್ನ ಕಳಸ್ರಿ" ಎಂದರು.

ಸುಮಂಗಲಾಳನ್ನು ನಾನೇ ಗಂಡನ ಮನೆಯ ಬಾಗಿಲಿಗೆ ಮುಟ್ಟಿಸಿ ಬಂದೆ. ಬರುವಾಗ ಹಿಂದಿನ ಸೀಟು ಖಾಲಿಯಿತ್ತು. ಫಕ್ಕೀರಪ್ಪ ದಾರಿಯುದ್ದಕ್ಕೂ ಅತ್ತ. ನನಗೂ ಅಳು ಬಂತು.

ಈಗ ತಗಡಿನ ಶೆಡ್ಡಿನಲ್ಲಿ ನನ್ನ ವಾಸ. ಮದುವೆಯ ಕಾಲ ಬಂದರೆ ಹೊರಡುತ್ತೇನೆ. ಹಳೆಯ ಡೈನಮೋ ಮೂಲೆಯ ಹಲಗೆಯ ಮೇಲೆ ಕೂತಿದ್ದಾನೆ, ಆಯುಧಪೂಜೆಗೆ ಅವನಿಗೂ ಒಂದು ಹೂವು ಸಲ್ಲುತ್ತದೆ. ದಿನಾ ಸಂಜೆ ಫಕ್ಕೀರಪ್ಪ ಬಂದು ಬಾನೆಟ್ ಎತ್ತುತ್ತಾನೆ. ಕೈ ವೈರಿನ ಕಡೆ ಹೋಗುತ್ತದೆ. ಅಷ್ಟರಲ್ಲಿ ಮಡ್‌ಗಾರ್ಡಿನ ಮೇಲೆ ಆತ ಇನ್ನೂ ತೊಳೆಯದೆ ಉಳಿಸಿಕೊಂಡಿರುವ ಆ ಹಳದಿ ಕೈ ಕಾಣುತ್ತದೆ. ಅದರ ಮೇಲೆ ತನ್ನ ಕೈಯಿಟ್ಟು ಸ್ವಲ್ಪ ಹೊತ್ತು ನಿಲ್ಲುತ್ತಾನೆ. ಆಮೇಲೆ ವೈರು ಮುಟ್ಟದೆ ಬಾನೆಟ್ ಮುಚ್ಚಿ ಒಳಗೆ ಹೋಗುತ್ತಾನೆ.