ಅರ್ಧ ಇನ್ನೂ ಇದೆ

"ಒಂದು ಪಾಠಕ್ಕೆ ಮೂರು ಯೋಜನೆ ಬರ್ದಿದೀರಲ್ರೀ, ಕ್ಲಾಸಿರೋದು ಒಂದೇ ತಾನೇ?" ಮುಖ್ಯೋಪಾಧ್ಯಾಯಿನಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಕೇಳಿದರು.

"ಕ್ಲಾಸು ಒಂದೇ ಮೇಡಂ. ಮಕ್ಕಳು ಒಂದೇ ಥರ ಇಲ್ಲ," ಎಂದಳು ಟೀಚರ್.

ಅದು ಅವರಿಗೂ ಗೊತ್ತಿದ್ದ ಮಾತೇ. ಆ ನಾಲ್ಕನೇ ತರಗತಿಯಲ್ಲಿ ಪಟಾಕಿ ಎಂಬ ಅಡ್ಡಹೆಸರಿನವನೊಬ್ಬನಿದ್ದ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಸಿಡಿಸಿ, ಆಮೇಲೆ ಕೆಲಸವಿಲ್ಲದೆ ಪಕ್ಕದವರ ಪ್ರಾಣ ತಿನ್ನುತ್ತಿದ್ದ. ಕಿಟಕಿ ಪಕ್ಕದಲ್ಲಿ ಗುಬ್ಬಿ ಕೂರುತ್ತಿದ್ದಳು. ಮೈಯೂ ದನಿಯೂ ಪುಟ್ಟದೆಂದು ಮನೆಯವರು ಇಟ್ಟ ಹೆಸರು ಶಾಲೆಗೂ ಬಂದಿತ್ತು. ಅಂಕಿಗಳು ಅವಳ ಕಣ್ಣಿಗೆ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಆರು ಒಂಬತ್ತಾಗುತ್ತಿತ್ತು, ಹನ್ನೆರಡು ಇಪ್ಪತ್ತೊಂದಾಗುತ್ತಿತ್ತು. ಬೋರ್ಡಿನ ಮುಂದೆ ನಿಲ್ಲಿಸಿದರೆ ಬಾಯಿಗೆ ಬೀಗ.

"ನಾಳೆ ನಾನೇ ಬಂದು ಕೂರ್ತೀನಿ," ಎಂದರು ಮುಖ್ಯೋಪಾಧ್ಯಾಯಿನಿ. "ಆ ಹುಡುಗಿ ಕೈಲಿ ಆಗ್ಲಿಲ್ಲ ಅಂದ್ರೆ ಸೋಮವಾರದಿಂದ ಮೂರನೇ ಕ್ಲಾಸಿಗೆ ಕಳಿಸೋಣ. ಸುಮ್ಮನೆ ಯಾಕೆ ಪಾಪ, ದಿನಾ ಕಣ್ಣೀರು?" ಮಾತಿನಲ್ಲಿ ಕೋಪವಿರಲಿಲ್ಲ. ಟೀಚರಿಗೆ ಕಷ್ಟವಾದದ್ದು ಅದೇ. ಕೋಪವಿದ್ದಿದ್ದರೆ ಜಗಳವಾಡಬಹುದಿತ್ತು.

ಸಂಜೆ ಅವಳು ಊಟದ ಮೇಜಿನ ತುಂಬ ಬಣ್ಣದ ಕಾಗದ ಹರಡಿಕೊಂಡು ಉದ್ದುದ್ದ ಪಟ್ಟಿ ಕತ್ತರಿಸುತ್ತಿದ್ದಳು. ತಟ್ಟೆ ಹಿಡಿದು ಬಂದ ಅತ್ತೆಗೆ ಇಡಲು ಜಾಗವೇ ಸಿಗಲಿಲ್ಲ.

"ಏನಮ್ಮಾ, ಇವತ್ತು ಎಲ್ರೂ ಕಾಗದಾನೇ ತಿನ್ನೋದಾ?"

"ಭಿನ್ನರಾಶಿ ಪಾಠ ಅತ್ತೆ. ಒಬ್ಬೊಬ್ರಿಗೆ ಒಂದೊಂದು ಥರ ಮಾಡ್ಬೇಕು."

"ಮಾಡು ಮಾಡು. ನಿಮ್ಮ ಮಾವನಿಗೆ ಉಪ್ಪು ಬೇಡ, ನಿನ್ನ ಗಂಡನಿಗೆ ಖಾರ ಬೇಕು. ಒಂದೇ ಒಲೇಲಿ ನಾನು ಏಗ್ತಿಲ್ವಾ?" ಎಂದು ಅತ್ತೆ ತಟ್ಟೆಯನ್ನು ಕಿಟಕಿಯ ಕಟ್ಟೆ ಮೇಲಿಟ್ಟು ಹೋದರು.

ಪಟಾಕಿಯಂಥವರಿಗೆ ತಲೆ ಕೆರೆದುಕೊಳ್ಳುವಂಥ ಲೆಕ್ಕ. ನಡುವಿನವರಿಗೆ ಚಿತ್ರ ಬಿಡಿಸಿ ಅರ್ಧ, ಕಾಲು ಬಣ್ಣ ತುಂಬುವುದು. ಗುಬ್ಬಿಗೆ ಅಂಕಿಯೇ ಇಲ್ಲದ ಕಾಗದದ ಪಟ್ಟಿ: ಮಡಚುವುದು, ಹರಿಯುವುದು. ಅವಳ ಹೆಸರಿನ ಮುಂದೆ ಟೀಚರ್, 'ಅರ್ಧ, ಕಾಲು' ಎಂದು ಬರೆದು ಸ್ವಲ್ಪ ಹೊತ್ತು ನೋಡಿದಳು. ಕಾಲನ್ನು ಹೊಡೆದುಹಾಕಿದಳು. ಅರ್ಧ ಗೊತ್ತಾದರೆ ಸಾಕು, ಮಗು ಗೆದ್ದಂತೆಯೇ.

ಮರುದಿನ ಮುಖ್ಯೋಪಾಧ್ಯಾಯಿನಿ ಹಿಂದಿನ ಬೆಂಚಿನಲ್ಲಿ ಕೂತರು. ಟೀಚರ್ ಗುಂಪಿನಿಂದ ಗುಂಪಿಗೆ ಓಡಾಡಿದಳು. ಪಟಾಕಿ ಮೊದಲ ಸಲ ಪೆನ್ಸಿಲ್ ಕಚ್ಚುತ್ತ ಕೂತಿದ್ದ. ಬಣ್ಣದ ಗುಂಪಿನಲ್ಲಿ ಕೆಂಪಿಗಾಗಿ ಜಗಳ ಹತ್ತಿ, ಅದನ್ನು ಬಿಡಿಸುವಷ್ಟರಲ್ಲಿ ಕಿಟಕಿ ಕಡೆ ನೋಡುವುದೇ ಮರೆತುಹೋಯಿತು.

ನೋಡಿದಾಗ ಗುಬ್ಬಿ ನೆಲದ ಮೇಲೆ ಕೂತಿದ್ದಳು. ಮಾಡಬೇಕಾದ್ದನ್ನು ಎಂದೋ ಮಾಡಿ ಮುಗಿಸಿದ್ದಳು, ಮುಗಿಸಿ ನಿಂತಿರಲಿಲ್ಲ ಅಷ್ಟೆ. ಪಟ್ಟಿಯನ್ನು ಅರ್ಧ ಹರಿದು, ಒಂದರ್ಧವನ್ನು ನೆಲದಲ್ಲಿಟ್ಟು, ಕೈಯಲ್ಲಿದ್ದುದನ್ನು ಮತ್ತೆ ಅರ್ಧ ಹರಿದು ಅದರ ಪಕ್ಕಕ್ಕೆ ಜೋಡಿಸಿದ್ದಳು. ಹೀಗೇ ತುಂಡಿನ ಪಕ್ಕ ತುಂಡು, ಚಿಕ್ಕದು, ಇನ್ನೂ ಚಿಕ್ಕದು.

ಪಟಾಕಿ ಲೆಕ್ಕ ಬಿಟ್ಟು ಎದ್ದು ಬಂದ. ಹರಿಯದ ಒಂದು ಪಟ್ಟಿಯನ್ನು ಆ ಸಾಲಿನ ಪಕ್ಕ ಇಟ್ಟು ಅಳೆದ.

"ಏ, ಎಷ್ಟು ಸೇರಿಸಿದ್ರೂ ಪೂರ್ತಿ ಆಗ್ತಿಲ್ಲ ಕಣೇ!"

"ಆಗಲ್ಲ," ಎಂದಳು ಗುಬ್ಬಿ. "ಯಾವಾಗ್ಲೂ ನನ್ನ ಕೈಯಲ್ಲಿ ಒಂಚೂರು ಉಳ್ಕೊಂಡಿರುತ್ತಲ್ಲ."

ಅಷ್ಟು ಉದ್ದದ ಮಾತನ್ನು ಈ ಮಗು ತರಗತಿಯಲ್ಲಿ ಎಂದೂ ಆಡಿರಲಿಲ್ಲ. ಆಡಿದ ಮಾತಾದರೂ ಎಂಥದ್ದು! ತಾನು ಹೊಡೆದುಹಾಕಿದ ಕಾಲನ್ನು ದಾಟಿ ಅವಳು ಎಲ್ಲಿಗೋ ಹೊರಟುಹೋಗಿದ್ದಳು. ಅಲ್ಲಿಗೆ ಟೀಚರ್ ಬರೆದ ಮೂರು ಯೋಜನೆಗಳಲ್ಲಿ ಒಂದಕ್ಕೂ ದಾರಿಯಿರಲಿಲ್ಲ.

ಹಿಂದಿನ ಬೆಂಚು ಕಿರುಗುಟ್ಟಿತು. ಮುಖ್ಯೋಪಾಧ್ಯಾಯಿನಿ ಬಂದು, ಮಂಡಿನೋವನ್ನು ಲೆಕ್ಕಿಸದೆ ನೆಲಕ್ಕೆ ಕೈಯೂರಿ ಕೂತರು.

"ಸಾಕಲ್ವಾ ಪುಟ್ಟಾ? ಇನ್ನು ಹರಿಯೋಕಾಗಲ್ಲ, ಮುಗೀತು."

ಗುಬ್ಬಿ ತಲೆಯಾಡಿಸಿದಳು. "ಮುಗಿದಿಲ್ಲ ಮೇಡಂ. ನನ್ನ ಬೆರಳು ದಪ್ಪ, ಅದಕ್ಕೆ ಸಿಗ್ತಿಲ್ಲ. ಅರ್ಧ ಇನ್ನೂ ಇದೆ."

"ಅದರೊಳಗೆ?"

"ಅದರೊಳಗೂ ಇದೆ."

ಬಣ್ಣದ ಗುಂಪಿನವರು ಒಬ್ಬೊಬ್ಬರಾಗಿ ಬಂದು ಸುತ್ತ ನೆರೆದರು. ಗುಬ್ಬಿ ಎಲ್ಲರಿಗೂ ಕಾಣಲೆಂದು ತೋರುಬೆರಳು ಎತ್ತಿ ಹಿಡಿದಳು. ತುದಿಯಲ್ಲಿ ಸಾಸಿವೆಗಿಂತ ಸಣ್ಣ ಹಳದಿ ಚುಕ್ಕೆ.

"ಆ ಫ್ಯಾನ್ ಆರಿಸ್ರೀ," ಎಂದರು ಮುಖ್ಯೋಪಾಧ್ಯಾಯಿನಿ ಪಿಸುದನಿಯಲ್ಲಿ.

ಟೀಚರ್ ಸ್ವಿಚ್ಚು ಒತ್ತಿದಳು. ರೆಕ್ಕೆಗಳು ನಿಧಾನವಾಗುತ್ತ ನಿಂತವು. ಇಡೀ ತರಗತಿ ಉಸಿರು ಬಿಗಿಹಿಡಿದು ಆ ಬೆರಳ ತುದಿಯನ್ನೇ ನೋಡುತ್ತಿತ್ತು.